ತಮ್ಮನ ಹೊಲದ ಹಸಿರು ಮೂಲೆ

ಬೋರ್ ಗಾಡಿ ಹೊಲದೊಳಗೆ ಬಂದು ನಿಂತಿತ್ತು. ಡ್ರೈವರ್ ‘ಲಗೂ ಮುಗಸ್ರಿ ಅಕ್ಕಾರ’ ಎನ್ನುತ್ತಿದ್ದ. ಗಂಗಮ್ಮನ ಪೂಜೆಗೆ ಬಾಗಿದ ನಾನು ಮೇಲೇಳಲೇ ಇಲ್ಲ. ಕೈಯಲ್ಲಿ ಕುಂಕುಮದ ಬಟ್ಟಲು. ಕಣ್ಣೆದುರು ಕುರಿ ಹಿಕ್ಕೆ!

(ಪೂಜೆಯ ಹೊತ್ತಿಗೆ ಇದೆಂಥ ಮಾತು ಎನ್ನಬೇಡಿ. ಪೂರ್ತಿ ಕೇಳಿ.)

ಗಬ್ಬೂರಿನಲ್ಲಿ, ಬೈಪಾಸಿಗೆ ಹತ್ತಿರ, ನನ್ನ ತಮ್ಮ ಬಸವರಾಜನ ಹೊಲ. ಮೆಂತ್ಯೆ, ರಾಜಗಿರಿ, ಕೊತ್ತಂಬರಿ ಬೆಳೆಯುತ್ತಾನೆ. ಬೇಸಿಗೆ ಬಂತೆಂದರೆ ಬಾವಿಯ ತಳ ಕಾಣುತ್ತದೆ. ಒಂದು ಬೋರ್ ಹಾಕಿಸಿದ್ದ, ಬರೀ ಧೂಳು ಬಂತು. ‘ಇನ್ನೊಂದು ಹಾಕಿ ನೋಡ್ತೀನಿ ಅಕ್ಕಾ. ಅದೂ ಫೇಲ್ ಆತಂದ್ರ ಹೊಲಾ ಲೇಔಟ್‌ನವರಿಗೆ ಕೊಟ್ಟಬಿಡ್ತೀನಿ’ ಅಂದ.

ನಮ್ಮವ್ವ ಕಳೆ ತೆಗೆದ ಹೊಲ ಅದು. ಅಲ್ಲಿ ಸೈಟ್ ನಂಬರಿನ ಕಲ್ಲು ನೋಡುವ ಶಕ್ತಿ ನನಗಿಲ್ಲ. ಅದಕ್ಕೇ ನಡುವೆ ಬಾಯಿ ಹಾಕಿದೆ.

ಗೋಪನಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯ ವಿದ್ಯಾ ಗೋಕುಲ ರಸ್ತೆಯಲ್ಲಿ, ಮೋಟಾರ್ ರಿವೈಂಡಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಒಂದು ಕಂಪನಿ ನಡೆಸುತ್ತಾಳೆ. ಕಂಪನಿ ಅಂದರೆ ನಾಲ್ಕು ಜನ, ನಾಲ್ಕು ಕಂಪ್ಯೂಟರ್, ಗೋಡೆಗೊಬ್ಬ ಗಣಪತಿ. ಉಪಗ್ರಹ ತೆಗೆದ ಚಿತ್ರ ನೋಡಿ ಎಲ್ಲಿ ಬೆಳೆ ಸೊರಗಿದೆ, ಯಾವ ಕೆರೆ ಎಷ್ಟು ಬತ್ತಿದೆ ಎಂದು ಹೇಳುವುದು ಅವರ ಕೆಲಸ. ತಮ್ಮನ ಹೊಲದ ಸಂಗತಿ ಅವಳಿಗೇ ಹೇಳಿದೆ.

‘ಭೂಮಿ ಒಳಗಿನ ನೀರು ಮ್ಯಾಲಿಂದ ಕಾಣೂದಿಲ್ಲ ಕಾಕೂ’ ಅಂದಿದ್ದಳು. ‘ಸುತ್ತ ಎಲ್ಲಾ ಒಣಗಿದಾಗ ಎಲ್ಲಿ ಹಸರ ಉಳದದ ನೋಡಿ ಅಂದಾಜ ಮಾಡತೇವಿ.’ ಕಳೆದ ಎರಡು ವರ್ಷದ ಚಿತ್ರ ತೆಗೆದು ಹೊಲದ ಮೂಡಲ ಮೂಲೆಗೆ ಬೆರಳಿಟ್ಟಳು. ಸುತ್ತ ಹಳದಿ, ಅದೊಂದು ಮೂಲೆ ಗಿಳಿ ಹಸಿರು! ನಾನು ಕಂಪ್ಯೂಟರಿಗೇ ಕೈಮುಗಿದೆ.

ಆ ಮೂಲೆಯಲ್ಲೇ ಈಗ ಪೂಜೆ. ಐದು ಕಲ್ಲಿಡಲು ಅಂಗೈಯಿಂದ ಮಣ್ಣು ಸರಿಸಿದರೆ ಹಿಕ್ಕೆ. ಇನ್ನಷ್ಟು ಸರಿಸಿದರೆ ಇನ್ನಷ್ಟು.

‘ಬಸೂ, ಇಲ್ಲಿ ಕುರಿ ಕೂಡ್ರಿಸಿದ್ದೇನು?’

‘ಹೂಂ. ಎರಡು ವರ್ಷಾತು, ಕುರಿಗಾರರು ಇಲ್ಲೇ ಇಳಿತಾರ. ಯಾಕ?’

ಯಾಕಂತೆ! ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ತಂಗಿಸುವುದು ನಮ್ಮ ಕಡೆ ಹೊಸದೇ? ಅಂಥ ಗೊಬ್ಬರ ಯಾವ ಚೀಲದಲ್ಲೂ ಸಿಗದು. ಕುರಿ ಕೂತ ಜಾಗದ ಬೆಳೆ, ಉಳಿದದ್ದೆಲ್ಲ ಹಣ್ಣಾದರೂ ಹಸಿರಾಗೇ ಇರುತ್ತದೆ. ಹಾಗಾದರೆ ಇದು ನೀರಿನ ಹಸಿರೋ, ಹಿಕ್ಕೆಯ ಹಸಿರೋ?

‘ವಿದ್ಯಾಗ ಇದನ್ನ ಹೇಳಿದ್ಯೇನೋ?’

‘ಆಕಿ ಕೇಳಿದ್ಲೇನು? ಉಪಗ್ರಹ ನೋಡೋರ ಮುಂದ ನಾ ಕುರಿ ಸುದ್ದಿ ಏನ್ ಹೇಳ್ಲಿ?’

ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು. ನಾನು ಹೇಳಿ ಮುಗಿಸಿದೆ. ಕೂಡಲೇ ಅಂದಳು, ‘ನಿಲ್ಲಸ್ರಿ ಕಾಕೂ. ನಾ ಬರೂತನಕಾ ಹಾಕಸಬ್ಯಾಡ್ರಿ.’

ಸ್ಕೂಟರ್ ಮೇಲೆ ಬಂದಳು. ಬೋರ್ ಗಾಡಿಯ ನೆರಳಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಕುರಿ ಬಾರದ ವರ್ಷದ ಚಿತ್ರ ತೆಗೆದಳು. ಆ ವರ್ಷ ನಮ್ಮ ಹಸಿರು ಮೂಲೆಯೂ ಅಚ್ಚ ಹಳದಿ!

ಲ್ಯಾಪ್‌ಟಾಪ್ ಮುಚ್ಚಿ, ಎಲ್ಲರೆದುರು ನನ್ನ ತಮ್ಮನಿಗೆ ಹೇಳಿದಳು: ‘ನಂದು ತಪ್ಪಾತ್ರಿ ಕಾಕಾ. ಆ ಎರಡು ವರ್ಷದ ಹಿಂದಿಂದೂ ನೋಡಬೇಕಿತ್ತು. ನಿಮ್ಮನ್ನೂ ಕೇಳಬೇಕಿತ್ತು.’

‘ಮ್ಯಾಲಿನ ಕ್ಯಾಮೆರಾಕ್ಕ ಹಿಕ್ಕಿ ವಾಸನಿ ಬಡಿಲಿಲ್ಲ ನೋಡ್ರಿ’ ಎಂದ ಡ್ರೈವರ್. ಎಲ್ಲರೂ ನಕ್ಕೆವು. ಕಿವಿ ಕೆಂಪಾಗಿದ್ದರೂ ವಿದ್ಯಾಳೂ ನಕ್ಕಳು.

ನಾನು ಮಾತ್ರ ಆ ಮಾತಿಗೇ ಸಿಕ್ಕಿಬಿದ್ದಿದ್ದೆ. ನಂದು ತಪ್ಪಾತು! ಇದನ್ನು ಕೇಳಿ ಎಷ್ಟು ಕಾಲವಾಯಿತು? ಬ್ಲೌಸಿನ ತೋಳು ಗಿಡ್ಡ ಮಾಡಿದ ಟೇಲರ್ ‘ಈಗ ಇದ ಫ್ಯಾಶನ್ ರೀ’ ಅನ್ನುತ್ತಾನೆ. ಮಿಕ್ಸರ್ ರಿಪೇರಿಯವನು ‘ನೀವು ಹ್ಯಾಂಗ ಬಳಸ್ತೀರಿ?’ ಎಂದು ನನ್ನನ್ನೇ ಕೇಳುತ್ತಾನೆ. (ಸಾರಿಗೆ ಉಪ್ಪು ಹೆಚ್ಚಾದ ದಿನ ನಾನೂ ಉಪ್ಪಿನ ಪ್ಯಾಕೆಟ್ಟಿಗೆ ಬೈದವಳೇ.)

ಗಾಡಿ ವಾಪಸ್ ಹೋಯಿತು. ವಿದ್ಯಾ ಒಂದು ವಾರ ಹಳೆಯ ಚಿತ್ರಗಳನ್ನೆಲ್ಲ ಕೆದಕಿದಳು. ಬೇವಿನ ಮರದ ಬದುವಿನ ಗುಂಟ ಒಂದು ಸಣ್ಣ ಪಟ್ಟಿ, ಕುರಿ ಬರಲಿ ಬಿಡಲಿ, ಪ್ರತಿ ಬೇಸಿಗೆ ಹಸಿರಾಗೇ ಇತ್ತು. ಈ ಸಲ ತಮ್ಮನ ಹಿಂದೆ ಹೊಲವೆಲ್ಲ ತಿರುಗಿ, ಕೇಳಿ ಕೇಳಿ ಬರೆದುಕೊಂಡಳು. ನೆಲಕ್ಕೆ ತಂತಿ ಹಚ್ಚಿ ಪರೀಕ್ಷೆ ಮಾಡುವವರನ್ನೂ ಕರೆಸಿದಳು. ಅವರೂ ಆ ಬದುವನ್ನೇ ತೋರಿಸಿದರು.

ಬೋರ್ ಗಾಡಿ ಮತ್ತೆ ಬಂತು, ಬೇವಿನ ಬುಡದಲ್ಲಿ ನಾನು ಮತ್ತೆ ಬಾಗಿ ಪೂಜೆ ಮಾಡಿದೆ. ನೀರು ಬಂತು. ಮುಗಿಲಿಗೆ ಚಿಮ್ಮಲಿಲ್ಲ, ಕಾಯಿಪಲ್ಯಕ್ಕೆ ಸಾಕಾಗುವಷ್ಟು ಬಂತು. ನಾವು ಕೇಳಿದ್ದಕ್ಕಿಂತ ಗಂಗಮ್ಮ ಕಡಿಮೆ ಕೊಡಲಿಲ್ಲ, ಕೇಳುವ ಮೊದಲು ನೆಲಕ್ಕೆ ಬಾಗುವ ಪದ್ಧತಿಯನ್ನೂ ಕೊಟ್ಟಿದ್ದಳು. ನಿಂತಲ್ಲೇ ಕಾಯಿ ಒಡೆದಿದ್ದರೆ ಹಿಕ್ಕೆ ಕಾಣುತ್ತಿತ್ತೇ?

ಮೊನ್ನೆ ಲೇಔಟ್‌ನವರು ಬಂದಿದ್ದರಂತೆ. ಬಸು ಅವರ ಕೈಗೆ ಎರಡು ಸೂಡು ಮೆಂತ್ಯೆ ಕೊಟ್ಟು ಕಳಿಸಿದ್ದಾನೆ. ಈಗ ಕೆಳಗಿರುವ ತನ್ನ ಇನ್ನೊಂದು ಹೊಲವನ್ನೂ ವಿದ್ಯಾಳಿಗೇ ತೋರಿಸಬೇಕಂತೆ.

‘ಆಕಿ ಒಮ್ಮೆ ತಪ್ಪಿದ್ಲಲ್ಲೋ?’ ಎಂದು ಕೆಣಕಿದೆ.

‘ತಪ್ಪಿದ ದಿನಾನೂ ಫೋನ್ ಎತ್ತಿದ್ಲು. ಅಂಥಾ ನಂಬರ್ ನಿನ್ನ ಫೋನ್‌ನ್ಯಾಗ ಎಷ್ಟ ಅದಾವು, ಹೇಳ ನೋಡೋಣ ಅಕ್ಕಾ?’