ಪುಲಾನೆಯ ತಾಯಿ

ನಮ್ಮ ಲೆಸೊಥೊದ ಬೆಟ್ಟಗಳಲ್ಲಿ ಸೊಸೆ ಮನೆ ತುಂಬಿದ ದಿನವೇ ಅವಳಿಗೆ ಕಂಬಳಿ ಹೊದಿಸಿ ಹೊಸ ಹೆಸರಿಡುತ್ತಾರೆ. ಅದು ಇನ್ನೂ ಹುಟ್ಟದ ಚೊಚ್ಚಲ ಕೂಸಿನ ಹೆಸರು; ಮೊದಲಿಗೊಂದು ‘ಮಾ’ ಸೇರಿಸಿದರೆ ಸೊಸೆಯದಾಗುತ್ತದೆ. ಕೆನೇಯುವೆ ಎಂಬ ಹುಡುಗಿ ಲೆಬೋನಾನ ಕೈ ಹಿಡಿದು ಹಾ ಸೆಕೇಟೆ ಎಂಬ ಊರಿಗೆ ಬಂದಾಗ ಅತ್ತೆ ಮಾಲೆಬೋನಾ ತನ್ನ ಹೆತ್ತಮ್ಮನ ಹೆಸರನ್ನೇ ಎತ್ತಿ ಕೊಟ್ಟಳು. ಅಂದಿನಿಂದ ಅವಳು ಮಾಪುಲಾನೆ, ಪುಲಾನೆಯ ತಾಯಿ.

ಪುಲಾನೆ ಮಾತ್ರ ಹುಟ್ಟಲಿಲ್ಲ. ಗಣಿ ಕೆಲಸಕ್ಕೆ ದಕ್ಷಿಣ ಆಫ್ರಿಕಾಕ್ಕೆ ಇಳಿದ ಲೆಬೋನಾ ಮೊದಮೊದಲು ಹಬ್ಬಕ್ಕಾದರೂ ಬರುತ್ತಿದ್ದ. ಆಮೇಲೆ ಅಲ್ಲೇ ಇನ್ನೊಂದು ಸಂಸಾರ ಹೂಡಿ ಈ ದಾರಿ ಮರೆತ. ಒರತೆಯ ಬಳಿ, ಅಂಗಡಿಯಲ್ಲಿ, ಚರ್ಚಿನಲ್ಲಿ ಊರೆಲ್ಲ ಅವಳನ್ನು ಇಲ್ಲದ ಮಗಳ ತಾಯಿಯೆಂದೇ ಕೂಗಿತು. ಕೂಗುವವರಿಗೆ ಅದು ಬರೀ ಹೆಸರು, ಅವಳಿಗೆ ಪ್ರತಿ ಸಲವೂ ಮುಳ್ಳು. ನಮ್ಮ ಜನಕ್ಕೆ ಹೆಸರಿಡುವುದು ಗೊತ್ತು, ಇಟ್ಟ ಹೆಸರಿನ ಭಾರ ಇಳಿಸುವುದು ಗೊತ್ತಿಲ್ಲ. ಆದರೂ ಯಾರ ಮನೆಯಲ್ಲಿ ಮದುವೆಯಾದರೂ ಗೋಡೆಗೆ ಸಗಣಿ ಮಣ್ಣು ಸಾರಿಸಿ, ಬೆರಳಲ್ಲಿ ಹೂವಿನ ಎಸಳು ಗೀರಲು ಅವಳೇ ಬೇಕಾಗಿತ್ತು.

ಹೀಗಿರುವಾಗ ಅವಳ ವಾರಗಿತ್ತಿ ಮಾನೇಯೊಗೆ ಮೊದಲು ನೇಯೊ ಎಂಬ ಗಂಡು, ಬೆನ್ನಿಗೊಂದು ಹೆಣ್ಣು ಹುಟ್ಟಿತು. ಅತ್ತೆ ಆ ಹೆಣ್ಣಿಗೆ ಪುಲಾನೆ ಎಂದೇ ಹೆಸರಿಡಲು ಹೊರಟಳು.

“ಅಕ್ಕನ್ನ ಒಂದು ಮಾತು ಕೇಳೋದು ಬ್ಯಾಡ್ವಾ ಅತ್ತೆ?” ಎಂದಳು ಮಾನೇಯೊ.

“ಅವಳನ್ನೇನು ಕೇಳೋದು? ನಮ್ಮವ್ವನ ಹೆಸರು ಇಷ್ಟು ವರ್ಷ ಕೊಳೀತಾ ಬಿದ್ದದೆ.”

ಹೊರಗೆ ಗೋಡೆ ಸಾರಿಸುತ್ತಿದ್ದ ಮಾಪುಲಾನೆಗೆ ಎಲ್ಲವೂ ಕೇಳಿಸಿತು. ಎಷ್ಟೋ ದಿನ ಅವಳು ಆ ಕೂಸಿನ ಮುಖ ನೋಡಲಿಲ್ಲ. ಆದರೆ ಕೂಸಿಗೆ ಇವರ ಸಿಟ್ಟು ಸೆಡವು ಯಾವುದೂ ತಿಳಿಯದು. ಅಂಬೆಗಾಲಿಟ್ಟು ಬಂದು ಅವಳ ಹಸಿ ಗೋಡೆಗೆ ಎರಡೂ ಅಂಗೈ ಒತ್ತಿ, ಗೀರಿದ್ದನ್ನೆಲ್ಲ ಕೆಡಿಸಿ ಕೇಕೆ ಹಾಕಿತು. ಮಾಪುಲಾನೆ ನಗು ತಡೆಯಲಾರದೆ ಎತ್ತಿಕೊಂಡಳು.

ಗಣಿಯ ದೂಳಿಗೆ ಕೆಮ್ಮಿ ಕೆಮ್ಮಿ ಮಾನೇಯೊಳ ಗಂಡ ತೀರಿಕೊಂಡ. ಮಾನೇಯೊ ನೇಯೊನನ್ನು ತವರಿಗೆ ಕಳಿಸಿ, ಪುಲಾನೆಯನ್ನು ವಾರಗಿತ್ತಿಯ ಮಡಿಲಿಗೆ ಹಾಕಿ, ಗಡಿಯಾಚೆ ಬಿಳಿಯರ ಮನೆಗೆಲಸಕ್ಕೆ ಹೋದಳು. ಹುಡುಗಿಗೆ ಮಾತು ಬಂದದ್ದೇ ತಡ, ತಕರಾರು ಶುರು.

“ನೀನು ಪುಲಾನೆ ಅಮ್ಮ ತಾನೆ? ಹಂಗಾದ್ರೆ ಫೋನಲ್ಲಿ ಮಾತಾಡ್ತಾಳಲ್ಲ, ಅವಳ್ಯಾರು?”

“ಅವಳೂ ನಿಮ್ಮಮ್ಮನೇ ಕಣೆ.”

“ಒಬ್ಬಳಿಗೆ ಇಬ್ರಾ?”

“ನಿನ್ನ ಬಾಯಿಗೆ ಇಬ್ರೂ ಸಾಲಲ್ಲ, ಮುದ್ದೆ ತಿನ್ನು.”

ಆ ವರ್ಷ ಜುಲೈಯಲ್ಲಿ, ನಮ್ಮ ಕಡೆಯ ನಡುಚಳಿಗಾಲದಲ್ಲಿ, ಹಿಮ ಬಿದ್ದೇ ಬಿತ್ತು. ಪುಲಾನೆಗೆ ಜ್ವರ ಬಂತು, ಎದೆ ಗೊರಗೊರ ಎನ್ನತೊಡಗಿತು. ಆಸ್ಪತ್ರೆ ಇದ್ದದ್ದು ಘಾಟಿಯ ಆಚೆ.

“ಹಿಮ ನಿಲ್ಲೋಗಂಟ ಕಾಯಿ,” ಎಂದಳು ಅತ್ತೆ.

“ಇವಳ ಎದೆ ಕಾಯಾಕಿಲ್ಲ ಅತ್ತೆ,” ಎಂದ ಮಾಪುಲಾನೆ ಕುದುರೆಗೆ ಜೀನು ಬಿಗಿದು ಹೊರಟೇಬಿಟ್ಟಳು. ಆಸ್ಪತ್ರೆಯ ಬಾಗಿಲು ತಲುಪುವಷ್ಟರಲ್ಲಿ ಮಗು ಹೋಗಿಬಿಟ್ಟಿತ್ತು.

ಸತ್ತ ಮನೆಯಲ್ಲಿ ಸಾಮಾನೆಲ್ಲ ಹೊರಗಿಟ್ಟು, ನೆಲಕ್ಕೊಂದು ಹಾಸಿಗೆ ಹಾಕುತ್ತಾರೆ. ಹೆತ್ತವಳು ಅದರ ಮೇಲೆ ಕೂರಬೇಕು; ಬಂದವರೆಲ್ಲ ಮಂಡಿಯೂರಿ ಹೇಗಾಯಿತೆಂದು ಕೇಳಿದರೆ, ಕೇಳಿದವರಿಗೆಲ್ಲ ಹೇಳಬೇಕು. ಹೆಂಗಸರು ಹಾಸಿಗೆ ಹಾಸಿ ಮಾನೇಯೊಗಾಗಿ ಕಾದರು. ಮಾಪುಲಾನೆಯನ್ನು ಯಾರೂ ಒಳಗೆ ಕರೆಯಲಿಲ್ಲ. ಬಂಜೆಯ ಕಣ್ಣು ಬಿತ್ತು, ಕಾಯಿಲೆ ಕೂಸನ್ನು ಹಿಮಕ್ಕೆ ಒಯ್ದು ಕೊಂದಳು ಎಂದು ಊರು ನಾಲಿಗೆ ಹರಿಬಿಟ್ಟಿತ್ತು. ಅವಳು ದನದ ದೊಡ್ಡಿಯ ಕಲ್ಲುಗೋಡೆಗೆ ಒರಗಿ ಕೂತಳು. ಆ ಹಾಸಿಗೆಯ ಅಂಚಿನಲ್ಲಿ ಒಂದು ಗೇಣು ಜಾಗ ಸಿಕ್ಕರೆ ಸಾಕಿತ್ತು ಅವಳಿಗೆ. ಕೇಳಲು ಯಾವ ಮುಖ?

ಮರುದಿನ ಮಾನೇಯೊ ಬಂದಳು. ಹೆಂಗಸರು ಅವಳನ್ನು ತಬ್ಬಿ ಅತ್ತು ಹಾಸಿಗೆಯ ಮೇಲೆ ಕೂರಿಸಿದರು. ಮೊದಲು ಬಂದ ಮುದುಕಿ ಮಂಡಿಯೂರಿ, “ಹೆಂಗಾಯ್ತವ್ವ?” ಎಂದಳು. ಮಾನೇಯೊ ಸುತ್ತ ಕೂತವರ ಮುಖಗಳನ್ನೆಲ್ಲ ಹುಡುಕಿದಳು.

“ಅಕ್ಕ ಎಲ್ಲವ್ಳೆ?”

“ಆಚೆ ಅವ್ಳೆ. ಅಲ್ಲೇ ಬಿದ್ದಿರ್ಲಿ ಬಿಡು,” ಎಂದಳು ಅತ್ತೆ.

ಹೆತ್ತವಳು ಆ ಹಾಸಿಗೆ ಬಿಟ್ಟು ಏಳಬಾರದು. ಮಾನೇಯೊ ಎದ್ದಳು. ಯಾರು ತಡೆದರೂ ನಿಲ್ಲದೆ ನೇರ ದೊಡ್ಡಿಗೆ ನಡೆದಳು. ಮಾಪುಲಾನೆ ತಲೆ ಎತ್ತಲಿಲ್ಲ.

“ಬೈದುಬಿಡು ನನ್ನ,” ಎಂದಳು.

“ಬೈಯೋದಿದ್ರೆ ಆಮೇಲೆ ಬೈತೀನಿ. ಹೆಂಗಾಯ್ತು ಅಂತ ಕೇಳ್ತಾವ್ರೆ. ಯಾರದೋ ಮನೆ ಬಟ್ಟೆ ಇಸ್ತ್ರಿ ಮಾಡ್ತಿದ್ದೆ ಅಂತ ಹೇಳ್ಲಾ? ಏಳಕ್ಕ.”

“ನಾನು ಅಲ್ಲಿ ಕೂತ್ರೆ ಜನ ಏನಂತಾರೆ?”

“ಪುಲಾನೆ ಅಮ್ಮ ಅಂತಾರೆ. ಇಷ್ಟು ವರ್ಷ ಇನ್ನೇನು ಅಂದವ್ರೆ?”

ಇಬ್ಬರೂ ಒಂದೇ ಹಾಸಿಗೆಯಲ್ಲಿ ಕೂತರು. ಅತ್ತೆ ಮುಖ ತಿರುಗಿಸಿಕೊಂಡಳು. ಮುದುಕಿ ಮತ್ತೆ ಕೇಳಿದಳು. ಮಾಪುಲಾನೆ ಬಿಕ್ಕುತ್ತಲೇ ಶುರು ಮಾಡಿದಳು.

“ಘಾಟಿ ಮೇಲೆ ಕುದುರೆ ನಿಂತ್ಬಿಡ್ತು. ಮಗಳನ್ನ ಬೆನ್ನಿಗೆ ಕಟ್ಕೊಂಡು ನಡೆದೆ. ಒಂದಷ್ಟು ದೂರ ಹೋದ್ಮೇಲೆ, ‘ಅಮ್ಮಾ, ಈಗ ಚಳಿ ಇಲ್ಲ’ ಅಂದ್ಲು. ಸದ್ಯ, ಬೆಚ್ಚಗಾಯ್ತಲ್ಲ ಅಂತ ನಂಗೆ ಖುಷಿಯಾಯ್ತು. ಅದೇ ಕೊನೇ ಮಾತು ಅಂತ ಗೊತ್ತಾಗ್ದೆ ಹಂಗೇ ನಡೀತಾ ಹೋದೆ.”

ಮಾನೇಯೊ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಅಕ್ಕ, ಅವಳು ಅಂದಿದ್ದು ಇನ್ನೊಂದ್ಸಲ ಹೇಳು.”