ಅತ್ತೆಯ ಕುತ್ತಿಗೆ ತುಳಿದದ್ದು

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈಗೆ ಮೊಬೈಲು ಕೊಟ್ಟು, ಬಾಲ್ಯದ ನೆನಪು ಬರಿ ಎಂದು ಜೀವ ತಿನ್ನುತ್ತೀಯಲ್ಲ ಮಗಳೇ, ತಗೋ, ಓದು.

ನಿನ್ನೆ ವಿದ್ಯಾನಗರದ ಫಿಸಿಯೋಥೆರಪಿಯವನು ನನ್ನ ಕುತ್ತಿಗೆ ಹಿಡಿದು ತಿರುಗಿಸಿದಾಗ ಲಟಕ್ಕೆಂದಿತು. ಆ ಸದ್ದಿಗೆ ಹರಿಹರದ ನಮ್ಮ ಪಡಸಾಲೆ ಕಣ್ಣಮುಂದೆ ಬಂತು.

ನಾನು ಕಾಲು ಮುಂದಾಗಿ ಹುಟ್ಟಿದವಳು. ಆ ಹೆರಿಗೆಯಲ್ಲೇ ಅವ್ವ ಸತ್ತಳು. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಉಳುಕು ಬಿಡುತ್ತದೆಂದು ಓಣಿಯವರೆಲ್ಲ ಬಂದು ಚಾಪೆಯ ಮೇಲೆ ಬೋರಲು ಮಲಗುತ್ತಿದ್ದರು. ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಸೋದರತ್ತೆಯೂ ಒಂದು ದಿನ ಬೆನ್ನು ನೋವೆಂದು ಮಲಗಿದಳು.

“ಬಾರೇ, ತಾಯಿ ತಿಂದ್ಕಂಡೋಳೆ. ಆ ಕಾಲು ಇಷ್ಟಕ್ಕಾದ್ರೂ ಬರ್ಲಿ. ಮೆಲ್ಲಕ ತುಳಿ,” ಎಂದಳು.

ಹರಳೆಣ್ಣೆ ಹಚ್ಚಿದ ಬೆನ್ನು ಬೆಚ್ಚಗಿತ್ತು, ಜಾರುತ್ತಿತ್ತು. ನಾನು ಬೆನ್ನು ಬಿಟ್ಟು ಕುತ್ತಿಗೆಯ ಮೇಲೆ ಹಿಮ್ಮಡಿಯೂರಿ ಜಿಗಿದೆ. ಲಟಕ್ಕೆಂದಿತು. ಅತ್ತೆ ಕೂಗಿಕೊಂಡಳು.

“ಕೂಸು, ಪಾಪ, ಕಾಲು ಜಾರೈತೆ, ಬಿಡ್ರಿ,” ಎಂದ ಅಪ್ಪ.

ಜಾರಿರಲಿಲ್ಲ. ಅಂದಿನಿಂದ ಸಾಯುವವರೆಗೂ ಅವಳು ಎಡಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕಾಗಿತ್ತು. ನಾನು ಬೇಕೆಂದೇ ಎಡಗಡೆ ನಿಂತು ಅತ್ತೆ, ಅತ್ತೆ ಎಂದು ಕರೆಯುತ್ತಿದ್ದೆ. ಇವತ್ತಿಗೂ ನನಗೆ ಅಯ್ಯೋ ಅನಿಸಿಲ್ಲ.

ಈಗ ಹದಡಿಯ ಗಂಡನ ಮನೆಯಲ್ಲಿ ನಿನ್ನ ಅತ್ತೆಗೆ ಕುತ್ತಿಗೆ ನೋವಂತೆ. ನಿನ್ನ ಮಗಳೂ ಕಾಲು ಮುಂದಾಗಿ ಹುಟ್ಟಿದವಳಲ್ಲವೇ, ತುಳಿಯಲು ಕಳಿಸು ಎಂದಿದ್ದಾಳಂತೆ. ಆರು ವರ್ಷದ ಕೂಸು ಅದು. ಅದಕ್ಕೆ ನನ್ನಂಥ ಕಾಲು ಬರುವುದು ಬೇಡ. ಕಳಿಸುವುದಿಲ್ಲ ಎಂದು ಸೋಮವಾರದೊಳಗೆ ಇಲ್ಲೇ ಕೆಳಗೆ ಬರಿ.