ಅರವತ್ತೆರಡು ಮೀನುಗಳ ಮೆರವಣಿಗೆ

ನನ್ನ ನಾದಿನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ಟಕಟಕ. ಬೆಳಿಗ್ಗೆ ಏಳಕ್ಕೆ ಅವಳ ಹೊಲಿಗೆ ಮಷೀನು ಶುರುವಾದರೆ ಊಟದ ಹೊತ್ತಿಗೊಮ್ಮೆ ಉಸಿರು ಬಿಟ್ಟು ಸಂಜೆಯವರೆಗೂ ಅದೇ ಸದ್ದು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಲ್ಲಿ ಒಂದು ಮಷೀನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೇಲೊಂದು ಕ್ಯಾಲೆಂಡರು, ಒಂದು ಕಾಲು ಗಿಡ್ಡವಾದ ಸ್ಟೂಲು. ಆ ಸ್ಟೂಲಿನ ಮೇಲೆ ಅಲ್ಲಾಡಿಕೊಂಡು ಕೂತು ನಾನು ಗುಂಡಿ ಹಾಕಿಕೊಡುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಯಾರ ಅಂಗಿಗೆ ಯಾವ ಬಣ್ಣದ ಗುಂಡಿ ಹಾಕಿದ್ದೆ ಅಂತ ಇಪ್ಪತ್ತು ವರ್ಷದ ಹಿಂದಿನದನ್ನೂ ಹೇಳಬಲ್ಲೆ.

ರೈಲಿನಲ್ಲಿ ಐದು ಗಂಟೆ ಹೋದರೆ ದೊಡ್ಡ ನಗರ. ಅಲ್ಲಿ ವರ್ಷಕ್ಕೊಮ್ಮೆ ಒಂದು ತಿಂಗಳು ಕಾರ್ನಿವಲ್ಲು, ಕೊನೆಯ ಭಾನುವಾರ ಮಹಾ ಮೆರವಣಿಗೆ. ಅದರಲ್ಲಿ ಕುಣಿಯುವ ಒಂದು ತಂಡದ ವೇಷಗಳನ್ನು ಮೂವತ್ತೊಂದು ವರ್ಷದಿಂದ ಇವಳೇ ಹೊಲಿಯುತ್ತಿದ್ದಾಳೆ. ಒಂದು ವರ್ಷ ಹಕ್ಕಿ, ಒಂದು ವರ್ಷ ಸೂರ್ಯಕಾಂತಿ. ಈ ಸಲ ಮೀನು, ಒಟ್ಟು ಅರವತ್ತೆರಡು. ನೀಲಿ ಬಟ್ಟೆಯ ಮೇಲೆ ಬೆಳ್ಳಿ ಬಣ್ಣದ ಹುರುಪೆಗಳನ್ನು ಒಂದೊಂದಾಗಿ ಕೂರಿಸಿ ಕೂರಿಸಿ ನಮ್ಮಿಬ್ಬರ ಬೆರಳೂ ಜರಡಿಯಾಗಿದ್ದವು.

ಆದರೆ ಅವನ್ನು ತೊಟ್ಟು ಕುಣಿಯುವುದನ್ನು ಅವಳು ಒಂದು ಸಲವೂ ಕಂಡಿರಲಿಲ್ಲ. ವ್ಯಾನು ಬಂದು ಹ್ಯಾಂಗರುಗಳ ಸಮೇತ ಹೊತ್ತುಕೊಂಡು ಹೋಗುತ್ತಿತ್ತು, ಅಷ್ಟೇ. ಈ ಸಲದ ಮೀನುಗಳೂ ಹಾಗೆಯೇ ಹೋಗಿಯಾಗಿತ್ತು.

"ನನ್ನ ಬಟ್ಟೆಗೆ ತಲೆ ಬಂದಿದ್ದು ನಾನು ನೋಡೇ ಇಲ್ಲ ಅತ್ತಿಗೆ" ಅನ್ನುತ್ತಿದ್ದಳು.

ನಮ್ಮವರು ಇದ್ದಾಗ ಪ್ರತಿ ವರ್ಷ "ಮುಂದಿನ ಸಲ ಕರ್ಕೊಂಡು ಹೋಗೇ ಹೋಗ್ತೀನಿ ತಂಗಿ" ಅನ್ನುತ್ತಿದ್ದರು. ಪ್ರತಿ ವರ್ಷವೂ ಹೊರಡುವ ಹೊತ್ತಿಗೆ ಸರಿಯಾಗಿ ಯಾರದೋ ಅರ್ಜೆಂಟು ಹೊಲಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು. ಅವರು ತೀರಿಕೊಂಡು ಆರು ವರ್ಷವಾಯಿತು. ಈ ಸಲ ನಾನೇ ಹಟ ಹಿಡಿದೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಹೇಳಿದ ದಿನಕ್ಕೆ ಬಟ್ಟೆ ಕೊಡದ ಹೊಲಿಗೆಯವರೇ ಊರ ತುಂಬ. ಟಕಟಕ ಮಾತ್ರ ಎಂದೂ ತಡ ಮಾಡಿದವಳಲ್ಲ. ಅದರ ಗುಟ್ಟು ಆ ಕ್ಯಾಲೆಂಡರಿನಲ್ಲಿದೆ. ಯಾರಾದರೂ ಇಂಥ ಭಾನುವಾರಕ್ಕೆ ಬೇಕೆಂದರೆ, ಅದರ ಹಿಂದಿನ ಭಾನುವಾರಕ್ಕೆ ಕೆಂಪು ಸುತ್ತು ಹಾಕಿ, ಅದೇ ನಿಜವೆಂದು ನಂಬಿ ಓಡುತ್ತಾಳೆ. ತನ್ನನ್ನು ತಾನೇ ಹೆದರಿಸಿಕೊಳ್ಳುವ ಉಪಾಯ. ನನಗೂ ಅದು ಗೊತ್ತಿತ್ತು. ಆದರೆ ಬೇಕಾದ ಹೊತ್ತಿಗೆ ನೆನಪಾಗಬೇಕಲ್ಲ.

ಟಿಕೆಟ್ಟು ಮಾಡಿಸಲು ಮಗಳು ಬಂದಳು. ಅವಳು ಹಲ್ಲಿನ ಡಾಕ್ಟರ ಹತ್ತಿರ ಟೋಕನ್ ಕೊಡುವ ಕೆಲಸದವಳು, ನಮ್ಮನ್ನೂ ರೋಗಿಗಳ ಹಾಗೆಯೇ ಗದರುತ್ತಾಳೆ.

"ಮೆರವಣಿಗೆ ಯಾವತ್ತು? ಬೇಗ ಹೇಳಿ."

ನಾನು ಕ್ಯಾಲೆಂಡರು ನೋಡಿ, ಕೆಂಪು ಸುತ್ತಿನ ತಾರೀಕು ಹೇಳಿದೆ. ಭಾನುವಾರವೇ ಇತ್ತು, ಯಾರಿಗೆ ಅನುಮಾನ ಬರಬೇಕು?

"ಶನಿವಾರ ಹೋಗಿ ಭಾನುವಾರ ಸಂಜೆ ವಾಪಸ್. ರೈಲಲ್ಲಿ ಕಿಟಕಿ ಸೀಟೇ ಸಿಕ್ತು. ಲಾಡ್ಜಲ್ಲೂ ರೂಮು ಖಾಲಿ ಇದೆ. ಮೆರವಣಿಗೆ ಟೈಮಲ್ಲಿ ಇಷ್ಟು ಸಲೀಸಾಗಿ ಸಿಗುತ್ತಾ?" ಎಂದು ಮಗಳಿಗೇ ಆಶ್ಚರ್ಯ.

"ಎಲ್ಲಾ ನಿನ್ನಪ್ಪನ ಆಶೀರ್ವಾದ" ಅಂದೆ.

"ಅದಾದ ಮುಂದಿನ ಭಾನುವಾರ ಎದುರುಮನೆ ಹುಡುಗಿ ಮದುವೆ. ಶನಿವಾರ ಅವಳ ಬಟ್ಟೆ ಕೊನೇ ಫಿಟಿಂಗು. ಅದಕ್ಕೆ ಮಾತ್ರ ನಾನಿಲ್ಲಿ ಇರಲೇಬೇಕು" ಎಂದಳು ಟಕಟಕ.

"ಬೇಕಾದಷ್ಟು ಟೈಮಿದೆ ಅತ್ತೆ. ಆ ಕತ್ತರಿ ಯಾಕೆ ಬ್ಯಾಗಿಗೆ ತುರುಕ್ತಿದ್ದೀರಾ?"

"ಇರ್ಲಿ ಬಿಡೆ, ಅಭ್ಯಾಸ."

ಬೇಯಿಸಿದ ಎಂಟು ಮೊಟ್ಟೆ, ಕಿತ್ತಳೆಹಣ್ಣು, ಮೊಣಕಾಲಿನ ಎಣ್ಣೆ, ನಮ್ಮವರ ಹಳೆಯ ದುರ್ಬೀನು ಕಟ್ಟಿಕೊಂಡು ಶನಿವಾರ ಮಧ್ಯಾಹ್ನ ನಗರದಲ್ಲಿಳಿದೆವು. ಮೆರವಣಿಗೆ ಹೋಗುವ ಬೀದಿಯಲ್ಲಿ ಏಣಿ ಹತ್ತಿ ಬಣ್ಣದ ಕಾಗದದ ಮಾಲೆ ಕಟ್ಟುತ್ತಿದ್ದರು. ಅರ್ಧ ಬೀದಿ ಬೋಳಾಗಿಯೇ ಇತ್ತು.

"ಏನು ಸೋಮಾರಿಗಳಪ್ಪ! ನಾಳೆ ಮೆರವಣಿಗೆ ಇಟ್ಕೊಂಡು ಇವತ್ತು ಕಟ್ತಿದ್ದಾರಲ್ಲ" ಎಂದು ನಾದಿನಿ ಮೂಗು ಮುರಿದಳು.

ಲಾಡ್ಜಿನ ಯಜಮಾನಿ ಬೀಗದ ಕೈ ಕೊಡುತ್ತಾ ನಕ್ಕಳು. "ಮೆರವಣಿಗೆ ನೋಡೋಕೆ ಬಂದ್ರಾ? ಅದು ನಾಳೆ ಅಲ್ಲಮ್ಮ, ಮುಂದಿನ ಭಾನುವಾರ!"

ಟಕಟಕ ರೂಮಿಗೆ ಬಂದು ಚಪ್ಪಲಿಯನ್ನೂ ಬಿಡದೆ ಮಂಚದ ಮೇಲೆ ಕೂತಳು. "ನನ್ನ ಸುತ್ತು ಅತ್ತಿಗೆ" ಅಂದಳು. "ನಾನೇ ಹಾಕಿದ ಸುತ್ತು."

ನನಗೆ ನಗು ಉಕ್ಕಿ ಬಂತು, ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ಮುಂದಿನ ವಾರ ಬರೋಣವೆಂದರೆ ಮದುವೆಯ ಬಟ್ಟೆ. ಆ ಹುಡುಗಿಯ ತಾಯಿಯ ಮದುವೆಗೂ ಇವಳೇ ಹೊಲಿದವಳು, ಮಾತು ತಪ್ಪುವವಳಲ್ಲ. ಮೂವತ್ತೊಂದು ವರ್ಷದ ಆಸೆ ಮತ್ತೆ ಹ್ಯಾಂಗರಿನ ಮೇಲೇ ಉಳಿಯಿತಲ್ಲ ಎಂದು ನನ್ನ ನಗುವೂ ಅಲ್ಲಿಗೇ ಇಂಗಿತು.

ನೀರು ತಂದಿಟ್ಟ ಯಜಮಾನಿ ನಮ್ಮ ಮುಖ ನೋಡಿ, "ನಾಳೆ ಬೆಳಿಗ್ಗೆ ಮಾರ್ಕೆಟ್ಟಿನ ಹಿಂದಿನ ಮೈದಾನದಲ್ಲಿ ವೇಷ ಹಾಕ್ಕೊಂಡು ಪ್ರಾಕ್ಟೀಸ್ ಮಾಡ್ತಾರೆ. ಬರೀ ಗದ್ದಲ. ಬೇಕಾದ್ರೆ ಹೋಗಿ" ಅಂದಳು.

ಬೆಳಿಗ್ಗೆ ಏಳೂವರೆಗೇ ಹೋಗಿ ನಿಂತೆವು. ಸ್ವಲ್ಪ ಹೊತ್ತಿಗೆ ಡೋಲು ಬಾರಿಸುತ್ತಾ ಒಂದು ತಂಡ ಬಂತು. ಅದರ ಹಿಂದೆ ನಮ್ಮ ಮೀನುಗಳು! ಎಳೆಬಿಸಿಲಿಗೆ ಹುರುಪೆಗಳು ಹೊಳೆದು ನನ್ನ ಕಣ್ಣು ಕೋರೈಸಿತು. ನಾದಿನಿಯ ಕಡೆ ತಿರುಗಿದರೆ ಅವಳ ಹುಬ್ಬು ಗಂಟಿಕ್ಕಿತ್ತು.

"ಅಯ್ಯೋ, ಆ ಕುಳ್ಳೀನ ನೋಡು. ಬಾಲ ತುಳ್ಕೊಂಡು ಬೀಳ್ತಾಳೆ. ಈ ಕಡೆ ಉದ್ದದವಳಿಗೆ ಮೊಣಕಾಲ ಮೇಲೆ ನಿಂತಿದೆ!"

ನಾನು ಕೈ ಹಿಡಿಯುವಷ್ಟರಲ್ಲಿ ಅವಳು ಮೈದಾನದ ನಡುವೆ ಇದ್ದಳು. "ನಿಲ್ಲಿಸ್ರಪ್ಪಾ ಡೋಲು!"

ಡೋಲು ನಿಂತಿತು. ತಂಡದ ಮುಖಂಡ ಬೆವರು ಒರೆಸಿಕೊಳ್ಳುತ್ತಾ ಬಂದ. "ಯಾರಜ್ಜಿ ನೀವು?"

"ಅಜ್ಜಿ ನಿಮ್ಮನೇಲಿರ್ತಾಳೆ. ಕಾಲರ್ ಒಳಗೆ ಚಾಕ್ ಪೀಸಲ್ಲಿ ನಂಬರು ಬರೆದಿದ್ದೀನಿ, ನೋಡಿದ್ರಾ? ಒಂದನೇ ನಂಬರು ಎಲ್ಲರಿಗಿಂತ ಕುಳ್ಳಿಗೆ, ಅರವತ್ತೆರಡು ಎಲ್ಲರಿಗಿಂತ ಉದ್ದದವಳಿಗೆ. ವರ್ಷಾ ವರ್ಷಾ ಹಿಂಗೇ ಕಲಸುಮೇಲೋಗರ ಮಾಡ್ಕೊಂಡೇ ಕುಣಿದಿದ್ದಾ?"

ಆತ ಒಂದು ಕಾಲರು ಮಗುಚಿ ನೋಡಿದ. ಹೌದು, ನಂಬರಿತ್ತು. "ಇಷ್ಟು ವರ್ಷ ಅದು ಅಂಗಡಿ ಲೆಕ್ಕ ಅಂದ್ಕೊಂಡಿದ್ವಿ. ಹಾಗಾದ್ರೆ... ಹೊಲಿಯೋ ಅಮ್ಮ ನೀವೇನಾ?"

ಆಮೇಲೆ ಕೇಳಬೇಕೆ? ಅರವತ್ತೆರಡು ಹೆಂಗಸರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಉಟ್ಟ ಬಟ್ಟೆಯ ಮೇಲೆ ತೊಟ್ಟಿದ್ದ ವೇಷ ಬಿಚ್ಚಿಸಿ, ಅದಲು ಬದಲು ಮಾಡಿ ತೊಡಿಸಿದಳು. ಬಸ್ಸಿನ ಕಂಡಕ್ಟರು, ಶಾಲೆಯ ಟೀಚರು, ಮೀನು ಮಾರುವವಳು, ಎಲ್ಲರೂ ಕೈ ಎತ್ತಿ ಅಂದರೆ ಎತ್ತಿದರು, ತಿರುಗಿ ಅಂದರೆ ತಿರುಗಿದರು. ಎರಡು ಕಡೆ ಅಂಚು ಬಿಚ್ಚಿತ್ತು, ನಾನೇ ಕೂತು ಹೊಲಿಗೆ ಹಾಕಿದೆ. ಆ ಕತ್ತರಿ ಬೇಕೇ ಆಯಿತು.

ಮುಖಂಡ ಎರಡು ಕುರ್ಚಿ ತರಿಸಿ ಮೈದಾನದ ಮುಂದೆ ಹಾಕಿಸಿದ. "ಈಗ ಅಮ್ಮನಿಗೋಸ್ಕರ ಮೊದಲಿಂದ!" ಎಂದು ಕೂಗಿದ.

ನೋಡುವವರು ನಾವಿಬ್ಬರೇ. ನೂಕುವವರಿಲ್ಲ, ಅಡ್ಡ ನಿಲ್ಲುವವರಿಲ್ಲ. ದುರ್ಬೀನು ಮಡಿಲಲ್ಲೇ ಉಳಿಯಿತು. ಮೀನುಗಳು ಅಲೆಅಲೆಯಾಗಿ ಬಂದು, ನಮ್ಮ ಮುಂದೆ ಒಂದೊಂದೇ ಬಾಲ ಬೀಸಿ, ನಗುತ್ತಾ ಹೋದವು. ನಾದಿನಿ ಬಟ್ಟೆಯನ್ನು ನೋಡಲೇ ಇಲ್ಲ. ಒಂದೊಂದು ಮುಖವನ್ನೂ ನೋಡುತ್ತಿದ್ದಳು, ತುಟಿ ಅಲ್ಲಾಡಿಸಿ ಎಣಿಸುತ್ತಿದ್ದಳು. ಅರವತ್ತೆರಡಕ್ಕೆ ನಿಲ್ಲಿಸಿ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬೆರಳಿಗಿದ್ದ ಸೂಜಿಗಾಯಗಳೆಲ್ಲ ಚುರುಗುಟ್ಟಿದವು.

"ತಲೆ ಇದೆ ಅತ್ತಿಗೆ, ಎಲ್ಲಕ್ಕೂ" ಅಂದಳು.

ಊರಿಗೆ ಬಂದ ಮಾರನೆಯ ದಿನ ಮಗಳು ತಲೆ ಚಚ್ಚಿಕೊಂಡಳು. "ಮುಂದಿನ ವರ್ಷ ನಾನೇ ಸರಿಯಾದ ತಾರೀಕು ಬರೀತೀನಿ, ಕೊಡಿ ಆ ಪೆನ್ಸಿಲ್ಲು!"

"ಮುಟ್ಟಬೇಡ" ಎಂದು ಟಕಟಕ ಕೆಂಪು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು. "ಒಂದು ವಾರ ಮುಂಚೇನೇ ಸರಿ. ಮಹಾ ಮೆರವಣಿಗೆ ದಿನ ನಮಗೆ ಕುರ್ಚಿ ಕೊಡ್ತಾರಾ?"

ಮಷೀನು ಶುರುವಾಯಿತು. ಮೀನುಗಳಿಂದಾಗಿ ಹಿಂದೆ ಬಿದ್ದಿದ್ದ ಎದುರುಮನೆ ಹುಡುಗಿಯ ಬಟ್ಟೆಯೂ ಶನಿವಾರದ ಫಿಟಿಂಗಿಗೆ ಮೊದಲೇ, ಗುರುವಾರಕ್ಕೇ ಮುಗಿಯಿತು.